ಹುಣ್ಣಿಮೆಯ ಊಟಕ್ಕೆ ಬೆಳವಲ ಹಣ್ಣಿನ ಗೊಜ್ಜು

ನಮ್ಮ ಅತ್ತೆ ಬಸ್ಸಮ್ಮನವರಿಗೆ ನಾಲ್ಕು ಜನರಿಗೆ ಅಡುಗೆ ಮಾಡಲು ಬರುವುದಿಲ್ಲ. ಇದು ದೂರಲ್ಲ, ಕಂಡದ್ದನ್ನು ಹೇಳುತ್ತಿದ್ದೇನೆ. ಇಪ್ಪತ್ತೆರಡು ವರ್ಷ ಅವರು ಸಿಂಧನೂರಿನ ಒಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಮುಖ್ಯ ಅಡುಗೆಯವರಾಗಿದ್ದರು. ದಿನಕ್ಕೆ ಮುನ್ನೂರ ನಲವತ್ತು ಮಕ್ಕಳಿಗೆ ಬೇಯಿಸುತ್ತಿದ್ದರು. ಅರವತ್ತು ತುಂಬಿ ಕೆಲಸ ಬಿಟ್ಟು ಮನೆಗೆ ಬಂದ ಮೊದಲ ವಾರ ಅವರು ಮಾಡಿದ ಸಾರನ್ನು ಅಕ್ಕಪಕ್ಕದ ಮೂರು ಮನೆಗಳಿಗೆ ಕೊಟ್ಟರೂ ಉಳಿಯುತ್ತಿತ್ತು. ಅನ್ನ ಬೆಂದಿದೆಯೇ ಎಂದು ಅವರು ಅಗುಳು ಹಿಸುಕಿ ನೋಡುವುದಿಲ್ಲ. ಪಕ್ಕದ ಕೋಣೆಯಲ್ಲಿ ಕುಳಿತು ಕುದಿಯುವ ಸದ್ದು ಕೇಳಿ, "ದೀಪಾ, ಗ್ಯಾಸ್ ಆರ್ಸು" ಎನ್ನುತ್ತಾರೆ. ನಾನು ಹೋಗಿ ನೋಡಿದಾಗ ಒಮ್ಮೆಯೂ ಅವರ ಮಾತು ತಪ್ಪಾಗಿರಲಿಲ್ಲ.

ಅವರು ಹುಟ್ಟಿದ್ದು ಮಸ್ಕಿ ಹತ್ತಿರದ ಒಂದು ಹಳ್ಳಿಯಲ್ಲಿ, ಕೂಲಿಯವರ ಮನೆಯಲ್ಲಿ. ಅವರ ಅಣ್ಣ ಹುಸೇನಪ್ಪ ಬಸ್ ಕಂಡಕ್ಟರ್ ಆಗಿ ನಿವೃತ್ತರಾಗಿ ಈಗ ಲಿಂಗಸುಗೂರಿನಲ್ಲಿದ್ದಾರೆ. ಮನೆತನದಲ್ಲಿ ಮೊದಲು ಓದಿದವರೂ, ಮೊದಲು ಬುದ್ಧನ ದಾರಿ ಹಿಡಿದವರೂ ಅವರೇ. ಅವರ ಹಿಂದೆ ಉಳಿದವರೆಲ್ಲ ಬಂದರು. ಈಗ ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಕಡೆ ಸೇರಿ ನಮ್ಮವು ಹನ್ನೆರಡು ಮನೆಗಳು. ಪ್ರತಿ ಬುದ್ಧ ಪೂರ್ಣಿಮೆಗೆ ಎಲ್ಲರೂ ಮಸ್ಕಿಯಲ್ಲಿ ಸೇರುತ್ತೇವೆ. ಬೆಳಿಗ್ಗೆ ವಂದನೆ, ಮಧ್ಯಾಹ್ನ ಊಟ. ಮನೆಗೊಂದರಂತೆ ಪದಾರ್ಥ ತರಬೇಕು. ಪಾಯಸ ಮಾತ್ರ ಅಲ್ಲಿಯೇ ಮಾಡುತ್ತಾರೆ.

ಹಿಂದಿನ ವರ್ಷದ ಊಟದ ಪಂಕ್ತಿಯಲ್ಲಿ ಒಂದು ಮಾತು ಬಂತು. ಯಾರೋ ಅಂಗಡಿಯಿಂದ ಟೊಮೆಟೊ ಸಾಸ್ ಬಾಟಲಿ ತಂದಿದ್ದರು. ಹುಡುಗರು ಅದನ್ನು ರೊಟ್ಟಿಗೆ ಸವರಿಕೊಂಡು ತಿನ್ನುತ್ತಿದ್ದರು. ಹುಸೇನಪ್ಪ ಮಾವ ಅದನ್ನು ನೋಡಿ ತಲೆ ಆಡಿಸಿದರು.

"ಅವ್ವನ ಬೆಳವಲಣ್ಣಿನ ಗೊಜ್ಜು ತಿಂದು ನಲವತ್ತು ವರ್ಷ ಆತು ನೋಡು ಬಸ್ಸಮ್ಮ. ಅದರ ಮುಂದ ಇದು ಬಣ್ಣದ ನೀರು."

"ಬರೋ ಹುಣ್ಣಿವಿಗೆ ನಾ ತಿನ್ನಿಸ್ತೀನಿ ಬಿಡಣ್ಣಾ," ಎಂದರು ಅತ್ತೆ.

ಎದುರಿಗೆ ಕುಳಿತಿದ್ದ ಮಾವನ ಹೆಂಡತಿ ರೇಣುಕಮ್ಮ ನಕ್ಕರು. ಅವರ ನಾಲಿಗೆ ಹರಿತ, ಅದು ಎಲ್ಲರಿಗೂ ಗೊತ್ತು.

"ಬ್ಯಾಸಿಗ್ಯಾಗ ಬೆಳವಲಣ್ಣು ಯಾವ ಗಿಡದಾಗ ಐತೇ? ಶಿವರಾತ್ರಿಗೇ ಮುಗದು ಹೋಗ್ತಾವ."

"ಅವಾಗ ಮಾಡಿ ತಗದು ಇಡ್ತೀನಿ ವೈನಿ."

"ಎದರಾಗ ಇಡ್ತಿ, ಸಾಲಿ ಬಕೀಟಿನ್ಯಾಗ? ಹೋಗೇ, ನಿನ್ನ ಕೈಯಾಗ ಏನ್ ಮಾಡಿದ್ರೂ ಕಡೀಕ ಸಾಲಿ ಸಾರೇ ಆಗ್ತೈತಿ!"

ಪಂಕ್ತಿಯೆಲ್ಲ ನಕ್ಕಿತು. 'ಸಾಲಿ ಸಾರು', ಎಂದರೆ ಶಾಲೆಯ ಸಾರು, ನಮ್ಮ ಬಳಗದಲ್ಲಿ ಹಳೆಯ ತಮಾಷೆ. ಯಾರ ಮನೆಯಲ್ಲಿ ಸಾರು ತೆಳುವಾದರೂ ಬಸ್ಸಮ್ಮನ ಹೆಸರು ಬರುತ್ತಿತ್ತು. ಅತ್ತೆ ನಗಲಿಲ್ಲ. "ಮಾತು ಕೊಟ್ಟೀನಿ ವೈನಿ. ಬರೋವಾಗ ನಾಕು ರೊಟ್ಟಿ ಹೆಚ್ಚಿಗಿ ತಾ," ಎಂದಷ್ಟೇ ಹೇಳಿದರು.

ಬಸ್ಸಿನಲ್ಲಿ ಹಿಂದಿರುಗುವಾಗ ಅತ್ತೆ ನನ್ನ ಕಡೆ ತಿರುಗಿದರು. "ಒಂದು ಕೂಸಿಗೆ ಇಪ್ಪತ್ತು ಗ್ರಾಂ ಬ್ಯಾಳಿ ಕೊಡ್ತಿದ್ರು. ಅದರಾಗ ಸಾರು ತೆಳ್ಳಗಾಗ್ದ ಮತ್ತೇನಾಗ್ತೈತಿ ಹೇಳು. ಆದ್ರೂ ಒಂದು ಕೂಸು ತಾಟಿನ್ಯಾಗ ಬಿಡ್ತಿರ್ಲಿಲ್ಲ." ಇಪ್ಪತ್ತೆರಡು ವರ್ಷ ಅವರು ಅಳೆದು ಕೊಟ್ಟ ಸಾಮಾನಿನಲ್ಲೇ ಅಡುಗೆ ಮಾಡಿದ್ದರು. ಇದು ತಮ್ಮದು ಎಂದು ತಟ್ಟೆಯಲ್ಲಿಟ್ಟು ತೋರಿಸುವಂಥದ್ದು ಒಂದೂ ಇರಲಿಲ್ಲ. ಆ ಗೊಜ್ಜು ಅವರಿಗೆ ಏಕೆ ಬೇಕಾಗಿತ್ತೆಂಬುದು ಮಸ್ಕಿಯಿಂದ ಸಿಂಧನೂರು ಬರುವಷ್ಟರಲ್ಲಿ ನನಗೆ ತಿಳಿಯಿತು.

ಜನವರಿಯಲ್ಲಿ, ಸಂಕ್ರಾಂತಿಯ ಮರುದಿನ, ನಾವಿಬ್ಬರೂ ಮುಕ್ಕುಂದಕ್ಕೆ ಹೋದೆವು. ಅಲ್ಲಿ ಲಾಲ್‌ಸಾಬ್ ಎಂಬ ರೈತರ ಹೊಲದ ಬದುವಿನಲ್ಲಿ ದೊಡ್ಡ ಬೆಳವಲ ಮರವಿದೆ. ಸುತ್ತಲೂ ಭತ್ತದ ಗದ್ದೆ, ನಡುವೆ ಇದೊಂದೇ ಒಣನೆಲದ ಮರ. ಅವರ ಮೊಮ್ಮಕ್ಕಳು ಅತ್ತೆಯ ಶಾಲೆಯಲ್ಲಿ ಉಂಡವರು. ಹಾಗಾಗಿ ಮರದ ಕೆಳಗೆ ನಮಗೆ ಚಾಪೆ ಹಾಸಿ ಚಹಾ ಬಂತು.

ಬೆಳವಲ ಹಣ್ಣಿನ ಚಿಪ್ಪು ಗಟ್ಟಿ. ಹೊರಗಿನಿಂದ ಕಾಯಿಗೂ ಹಣ್ಣಿಗೂ ವ್ಯತ್ಯಾಸ ಕಾಣುವುದಿಲ್ಲ. ಅತ್ತೆ ಒಂದೊಂದನ್ನೇ ಮೊಣಕಾಲಿನ ಎತ್ತರದಿಂದ ನೆಲಕ್ಕೆ ಬಿಟ್ಟು ನೋಡಿದರು. ಕಾಯಿಯಾದರೆ ಪುಟಿಯುತ್ತದೆ, ಹಣ್ಣಾದರೆ ಧಪ್ ಎಂದು ಬಿದ್ದಲ್ಲೇ ಕೂರುತ್ತದೆ.

"ಅಕ್ಕಾ, ಹಿಂಗ ಒಂದೊಂದು ಕೆಡವಿಕೋಂತ ಕುಂತ್ರ ಸಂಜೀ ಆಗ್ತೈತಿ," ಎಂದರು ಲಾಲ್‌ಸಾಬ್.

"ಆಗ್ಲಿ ಬಿಡು ತಮ್ಮಾ. ನಂಗೇನು ಈಗ ಹನ್ನೆರಡೂವರಿಗೆ ಗಂಟಿ ಬಾರಸ್ತಾರೇನು?"

ಮೂವತ್ತು ಹಣ್ಣು ತಂದೆವು. ನಾನು ಓದಿದ್ದು ಬಿ.ಎಸ್ಸಿ., ಕೆಲಸ ಒಂದು ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ. ಬಾಟಲಿಗಳ ಜವಾಬ್ದಾರಿ ನನಗೆ ಬಂತು. ಮುನ್ನೂರು ಗ್ರಾಂ ಹಿಡಿಯುವ ಗಾಜಿನ ಬಾಟಲಿಗಳನ್ನು ಹೊಸ ಮುಚ್ಚಳಗಳ ಸಮೇತ ತಂದು, ನೀರಿನಲ್ಲಿ ಕುದಿಸಿ, ಬಟ್ಟೆಯ ಮೇಲೆ ಬೋರಲು ಹಾಕಿದೆ. ಅತ್ತೆ ಚಿಪ್ಪು ಒಡೆದು, ತಿರುಳನ್ನು ಬಿಸಿ ನೀರಿನಲ್ಲಿ ಕಿವುಚಿ, ಜರಡಿಯಲ್ಲಿ ಬೀಜ ಮತ್ತು ನಾರು ತೆಗೆದರು. ಮೂರು ಪಾಲು ತಿರುಳಿಗೆ ಎರಡು ಪಾಲು ಬೆಲ್ಲ, ಉಪ್ಪು, ಹುರಿದ ಜೀರಿಗೆ ಪುಡಿ, ಬ್ಯಾಡಗಿ ಮೆಣಸಿನ ಪುಡಿ. ಬೆಳ್ಳುಳ್ಳಿ ಒಗ್ಗರಣೆಯನ್ನು ಬಡಿಸುವ ದಿನ ಹಾಕುವುದೆಂದು ತೀರ್ಮಾನಿಸಿದೆವು. ಗೊಜ್ಜು ಸೌಟಿನಿಂದ ಹರಿಯದೆ ಮುದ್ದೆಯಾಗಿ ಬೀಳುವವರೆಗೆ ಕುದಿಸಬೇಕು. ನಾನು ಕಾಗದದ ಪಟ್ಟಿ ಅದ್ದಿ ಹುಳಿ ಅಳೆದೆ. ಪಿಎಚ್ ಮೂರು ಮತ್ತು ನಾಲ್ಕರ ನಡುವೆ ಬಂತು. ಇಷ್ಟು ಹುಳಿಯಿದ್ದರೆ ಕೆಡುವ ಭಯ ಕಡಿಮೆ ಎಂದು ಹೇಳಿ, ಹತ್ತು ಗಂಟೆಗೆ ಕೆಲಸಕ್ಕೆ ಹೋದೆ. ಸಂಜೆ ಬಂದಾಗ ಹದಿನಾಲ್ಕು ಬಾಟಲಿಗಳು ಕಪಾಟಿನಲ್ಲಿ ಸಾಲಾಗಿ ನಿಂತಿದ್ದವು.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಅಡುಗೆಮನೆಯಿಂದ ಅತ್ತೆ ಕೂಗಿದರು. ಒಂಬತ್ತು ಬಾಟಲಿಗಳ ಮುಚ್ಚಳ ಉಬ್ಬಿತ್ತು. ಒಂದನ್ನು ತೆರೆದರೆ ಬುಸ್ಸೆಂದು ಗಾಳಿ ಬಂತು. ಹೆಂಡದಂಥ ವಾಸನೆ. ನನ್ನ ಗಂಡ ಲಕ್ಷ್ಮಣ ಬಾಗಿ ಮೂಸಿ, "ಯವ್ವಾ, ಇದನ್ನ ಹುಣ್ಣಿವಿಗೆ ಒಯ್ದ್ರ ಪಂಚಶೀಲದಾಗ ಐದನೇದು, ಕುಡೀಬಾರದು ಅನ್ನೋದು, ಮುರದಂಗ ನೋಡು," ಎಂದರು. ಬೇರೆ ದಿನವಾದರೆ ಅತ್ತೆ ನಗುತ್ತಿದ್ದರು. ಅಂದು ಹದಿನಾಲ್ಕನ್ನೂ ಹಿತ್ತಲಿನ ಗುಂಡಿಗೆ ಸುರಿದು ಬಾಟಲಿ ತೊಳೆಯುತ್ತ ಕುಳಿತರು. ಉಬ್ಬದ ಐದನ್ನಾದರೂ ಇಡಬಹುದಿತ್ತು ಎಂದೆ. "ಯಾವುದು ಛಲೋ, ಯಾವುದು ಕೆಟ್ಟೈತಿ ಅಂತ ಗೊತ್ತಿಲ್ದ ಮಂದಿಗಿ ಹ್ಯಾಂಗ ಹಾಕ್ಲಿ?" ಎಂದರು.

ಬೆಲ್ಲದಲ್ಲಿ ಏನೋ ಇತ್ತೆಂದು ಅವರ ಅನುಮಾನ. ಬಾಟಲಿಯನ್ನು ನಾನು ಸರಿಯಾಗಿ ಕುದಿಸಿಲ್ಲವೆಂದು ನನ್ನ ಅನುಮಾನ. ಆ ಭಾನುವಾರ ನಾನು ಒಂದು ಹಾಳೆ ತೆಗೆದುಕೊಂಡು ಎದುರು ಕುಳಿತೆ. ಆ ದಿನ ಏನೇನು ಮಾಡಿದಿರಿ, ಒಂದೂ ಬಿಡದೆ ಹೇಳಿ ಎಂದೆ. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಎಲ್ಲವೂ ಸರಿಯಿತ್ತು, ಬಾಟಲಿಗೆ ತುಂಬುವವರೆಗೆ.

"ತುಂಬಿದ ಮ್ಯಾಲ ಒದ್ದಿ ಅರಿವಿ ಹೊಚ್ಚಿ ಇಟ್ಟೆ. ಎರಡು ತಾಸು. ಕೈಗೆ ತಂಪು ಹತ್ತಿದ ಮ್ಯಾಲ ಮುಚ್ಚಳ ಹಾಕಿದೆ."

"ಬಿಸಿ ಇದ್ದಾಗ ಯಾಕ ಹಾಕಲಿಲ್ಲ ಅತ್ತಿ?"

ಅವರು ನನ್ನನ್ನು ಏನೂ ತಿಳಿಯದವಳನ್ನು ನೋಡುವಂತೆ ನೋಡಿದರು. "ಬಿಸಿದು ಯಾರರ ಮುಚ್ಚತಾರೇನು? ಅನ್ನ ಆಗ್ಲಿ ಸಾರು ಆಗ್ಲಿ, ಮುಚ್ಚಿದ್ರ ಬೆವರತೈತಿ. ಬೆವರು ಕೆಳಗ ಬಿದ್ರ ಹಳಸ್ತೈತಿ. ಇದು ನಾ ಹೊಸಾ ಅಡಗಿಯವ್ರಿಗೆ ಮೊದಲ ದಿನಾನ ಹೇಳಿಕೊಡೋ ಮಾತು."

ತಪ್ಪು ಸಿಕ್ಕಿತ್ತು, ಆದರೆ ಅದನ್ನು ಹೇಳುವುದು ಸುಲಭವಿರಲಿಲ್ಲ. ಇಪ್ಪತ್ತೆರಡು ವರ್ಷ ಮುನ್ನೂರ ನಲವತ್ತು ಮಕ್ಕಳನ್ನು ಕಾಯ್ದ ನಿಯಮವೇ ಈ ಗೊಜ್ಜನ್ನು ಕೆಡಿಸಿತ್ತು. ದೊಡ್ಡ ಪಾತ್ರೆಯ ಅನ್ನ ಎರಡು ಗಂಟೆಯೊಳಗೆ ಮುಗಿಯಬೇಕಾದದ್ದು. ಅದರ ಆವಿ ಹೊರಗೆ ಹೋಗಬೇಕು. ಬಾಟಲಿಯ ಗೊಜ್ಜು ಮೂರು ತಿಂಗಳು ನಿಲ್ಲಬೇಕಾದದ್ದು. ಆರಲು ಬಿಟ್ಟ ಎರಡು ತಾಸಿನಲ್ಲಿ ಗಾಳಿಯಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ಅದರೊಳಗೆ ಇಳಿಯುತ್ತವೆ; ಅವುಗಳಲ್ಲಿ ಹುಳಿಗೆ ಹೆದರದವೂ ಇವೆ. ಕುದಿಯುತ್ತಿರುವಾಗಲೇ ತುಂಬಿ, ಆಗಲೇ ಬಿಗಿಮಾಡಿ, ಬಾಟಲಿಯನ್ನೇ ಮತ್ತೆ ಕುದಿಯುವ ನೀರಿನಲ್ಲಿಟ್ಟರೆ ಒಳಗೆ ಕೆಡಿಸುವಂಥದ್ದು ಏನೂ ಉಳಿಯುವುದಿಲ್ಲ. ಆರುವಾಗ ಒಳಗಿನ ಆವಿ ಕುಗ್ಗಿ ಮುಚ್ಚಳವನ್ನು ತಾನೇ ಒಳಗೆಳೆದು ಹಿಡಿಯುತ್ತದೆ. ಇದನ್ನು ಮೊದಲೇ ಹೇಳದೆ ಕೆಲಸಕ್ಕೆ ಹೋದದ್ದು ನನ್ನ ತಪ್ಪು. ಅದನ್ನೂ ಹೇಳಿದೆ.

ಅತ್ತೆ ಕೇಳಿದ್ದು ಒಂದೇ. "ಹಂಗಾರ ನಾ ಇಷ್ಟು ವರ್ಷ ಸಾಲ್ಯಾಗ ತಪ್ಪು ಮಾಡೀನೇನು?"

"ಇಲ್ಲ ಅತ್ತಿ. ಅಲ್ಲಿ ನಿಮ್ಮದೇ ಬರೋಬ್ಬರಿ. ಇಲ್ಲಿ ಬ್ಯಾರೆ."

"ನೀ ಹೇಳ್ತಿ ಅಂತ ನಾ ನಂಬಂಗಿಲ್ಲ. ಎರಡೂ ಮಾಡಿ ನೋಡೂಣು."

ಮೊದಲ ಸಲ ಬಳಸದೆ ಉಳಿದಿದ್ದ ಮೂರು ಹಣ್ಣು ಮತ್ತು ಲಾಲ್‌ಸಾಬ್ ಕಳಿಸಿದ ಹತ್ತು ಹಣ್ಣುಗಳಿಂದ ಆರು ಬಾಟಲಿ ಮಾಡಿದೆವು. ಮೂರು ಅವರ ರೀತಿ, ಮೂರು ಬಿಸಿಯಲ್ಲೇ ಮುಚ್ಚಿದವು. ನಾನು ಕಪಾಟಿನಲ್ಲಿಡಲು ಹೋದೆ. ಅತ್ತೆ ತಡೆದರು. "ನೆರಳಾಗ ಇಟ್ರ ಎಲ್ಲಾ ಛಲೋನ ಇರ್ತಾವ. ಹಿತ್ತಲ ತಗಡಿನ ಪತ್ರಾಸಿನ ಕೆಳಗ ಇಡು. ಅಲ್ಲಿ ಕುದಿ ಇರ್ತೈತಿ. ಅಲ್ಲಿ ತಡದ್ರ ಮಸ್ಕಿ ಬಿಸಲಿಗೂ ತಡೀತಾವ." ಪರೀಕ್ಷೆಯನ್ನು ಕಠಿಣ ಮಾಡಿದವರು ಅವರು. ಅದು ನನಗೆ ಹೊಳೆದಿರಲಿಲ್ಲ.

ಆದರೆ ಪರೀಕ್ಷೆಗೆ ದಿನ ಬೇಕು, ಮರಕ್ಕೆ ದಿನ ಇರಲಿಲ್ಲ. ಲಾಲ್‌ಸಾಬ್ ಫೋನ್ ಮಾಡಿದರು. "ಅಕ್ಕಾ, ಶಿವರಾತ್ರಿಗಿ ಅಂತ ಪ್ಯಾಟಿಯವ್ರು ಎಲ್ಲಾ ಹಣ್ಣು ಕೇಳಾಕತ್ಯಾರ. ನಾ ಕೊಟ್ಟು ಬಿಟ್ರ ಮತ್ತ ಮುಂದಿನ ವರ್ಷಾನ." ಕಾಯ್ದರೆ ಹಣ್ಣಿಲ್ಲ. ಕಾಯದೆ ಮಾಡಿದರೆ ಮತ್ತೆ ಕೆಟ್ಟರೂ ಕೆಡಬಹುದು. ಆಗ ಹುಣ್ಣಿಮೆಗೆ ಬರಿಗೈಯಲ್ಲಿ ಹೋಗಬೇಕು.

ಅತ್ತೆ ಮರುದಿನ ಒಬ್ಬರೇ ಮುಕ್ಕುಂದಕ್ಕೆ ಹೋಗಿ ಅರವತ್ತು ಹಣ್ಣು ತಂದರು. ಅದರ ಜೊತೆ ಒಂದು ಹೊರೆ ಭತ್ತದ ಹುಲ್ಲು. ಮೆಟ್ಟಿಲ ಕೆಳಗಿನ ತಂಪಿನಲ್ಲಿ ಹುಲ್ಲು ಹಾಸಿ, ಒಂದಕ್ಕೊಂದು ತಾಗದಂತೆ ಹಣ್ಣುಗಳನ್ನು ಮಲಗಿಸಿದರು. ಚಿಪ್ಪು ಗಟ್ಟಿಯಿರುವವರೆಗೆ ಒಳಗಿನದಕ್ಕೆ ಏನೂ ಆಗುವುದಿಲ್ಲವೆಂದು ಅವರ ಲೆಕ್ಕ. ದಿನಕ್ಕೆರಡು ಸಲ ಒಂದೊಂದನ್ನು ಎತ್ತಿ ತಿರುಗಿಸಿ ನೋಡಿ, ಬಿರುಕು ಬಿಟ್ಟದ್ದನ್ನು ತೆಗೆಯುತ್ತಿದ್ದರು. ಮನೆಯೆಲ್ಲ ಬೆಳವಲದ ವಾಸನೆ. ಬಂದವರು ಏನಿದು ಎಂದು ಕೇಳಿದರೆ, "ಸಾಲಿ ತಗದೀನಿ, ಇವು ನನ್ನ ಹುಡುಗ್ರು," ಎನ್ನುತ್ತಿದ್ದರು.

ಪರೀಕ್ಷೆಯ ಒಂಬತ್ತನೆಯ ದಿನ, ತಣ್ಣಗಾದ ಮೇಲೆ ಮುಚ್ಚಿದ ಒಂದು ಬಾಟಲಿ ಉಬ್ಬಿತು. ಹನ್ನೊಂದನೆಯ ದಿನ ಇನ್ನೊಂದು. ಮೂರನೆಯದು ಉಬ್ಬಲಿಲ್ಲ. ಅದು ಹೇಗೆ ಉಳಿಯಿತೆಂದು ಅತ್ತೆ ಕೇಳಿದರು. ಅದೃಷ್ಟ ಎಂದೆ.

"ಅದೃಷ್ಟದ ಮ್ಯಾಲ ಅಡಗಿ ಮಾಡಬಾರದು," ಎಂದು ಅದನ್ನೂ ಗುಂಡಿಗೆ ಸುರಿದರು. ಬಿಸಿಯಲ್ಲಿ ಮುಚ್ಚಿದ ಮೂರರ ಮುಚ್ಚಳಗಳು ಹನ್ನೆರಡನೆಯ ದಿನವೂ ಒಳಗೆ ಕುಳಿಯಾಗಿ ಕೂತಿದ್ದವು. ಅತ್ತೆ ಹೆಬ್ಬೆರಳಿನಿಂದ ಒತ್ತಿ ನೋಡಿದರು. ಅಲುಗಲಿಲ್ಲ. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ನಾಳೆ ರಜಾ ಹಾಕು," ಎಂದರು.

ಮರುದಿನ ನಲವತ್ತೇಳು ಹಣ್ಣುಗಳು ಉಳಿದಿದ್ದವು. ಬೆಳಿಗ್ಗೆ ಐದೂವರೆಗೆ ಚಿಪ್ಪು ಒಡೆಯಲು ಶುರು ಮಾಡಿದೆವು. ಒಲೆಯ ಮುಂದೆ ನಿಂತ ಅತ್ತೆಯನ್ನು ನಾನು ಅಂದು ಮೊದಲ ಸಲ ಕೆಲಸದಲ್ಲಿ ನೋಡಿದೆನೆನ್ನಬೇಕು. ಗೊಜ್ಜು ಗುಳುಗುಳು ಕುದಿಯುತ್ತಿತ್ತು. ಬಲಗೈಯಲ್ಲಿ ಸೌಟು, ಎಡಗೈಯಲ್ಲಿ ಬಟ್ಟೆ ಸುತ್ತಿದ ಬಿಸಿ ಬಾಟಲಿ. ಒಂದು ಹನಿ ಅಂಚಿಗೆ ತಾಗದಂತೆ, ಬಾಯಿಂದ ಅರ್ಧ ಬೆರಳು ಕೆಳಗೆ ತುಂಬಿ ನನ್ನ ಕೈಗೆ ಕೊಡುತ್ತಿದ್ದರು. ನಾನು ಮುಚ್ಚಳ ತಿರುಗಿಸುತ್ತಿದ್ದೆ. ಒಂದು ಬಾಟಲಿಗೆ ಹನ್ನೆರಡು ಸೆಕೆಂಡು. ನಾನು ಗಡಿಯಾರ ನೋಡಿ ಹೇಳುತ್ತಿದ್ದೇನೆ. ಇಪ್ಪತ್ತೆರಡು ಬಾಟಲಿ ತುಂಬಿದಾಗ ಪಾತ್ರೆಯಲ್ಲಿ ಬೆರಳಿನಿಂದ ಬಳಿಯುವಷ್ಟೇ ಉಳಿದಿತ್ತು. ಅಳತೆ ಅಷ್ಟು ಸರಿ. ಮೊದಲ ಬಾಟಲಿಯ ಮುಚ್ಚಳ ಹಾಕುವಾಗ ಮಾತ್ರ ಅವರ ಕೈ ತಡೆಯಲು ಬಂದು ಹಿಂದೆ ಸರಿಯಿತು.

ದೊಡ್ಡ ಪಾತ್ರೆಯ ತಳಕ್ಕೆ ಹಳೆ ಸೀರೆಯ ತುಂಡು ಹಾಸಿ, ಬಾಟಲಿಗಳನ್ನಿಟ್ಟು, ಮುಳುಗುವಷ್ಟು ಬಿಸಿ ನೀರು ಹಾಕಿ, ಹದಿನೈದು ನಿಮಿಷ ಕುದಿಸಿದೆವು. ಎರಡು ಸಲ ಮಾಡಬೇಕಾಯಿತು. ಹೊರಗೆ ತೆಗೆದು ಬಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದಾಗ ಹನ್ನೊಂದು ಗಂಟೆ. ಅತ್ತೆ ಎದುರಿಗೆ ಮಣೆ ಹಾಕಿಕೊಂಡು ಕುಳಿತರು.

ಸ್ವಲ್ಪ ಹೊತ್ತಿಗೆ ಟಿಕ್ ಎಂದಿತು.

"ಏನದು?"

"ಮುಚ್ಚಳ ಒಳಗ ಹೋತು ಅತ್ತಿ. ಗಟ್ಟಿ ಕೂತು ಅಂತ ಅರ್ಥ."

"ಒಂದು," ಎಂದರು ಅವರು. ಮತ್ತೆ ಟಿಕ್. "ಎರಡು." ಲಕ್ಷ್ಮಣ ಬಂದು ಊಟಕ್ಕೆ ಕರೆದರೆ ಕೈಯೆತ್ತಿ ಸುಮ್ಮನಿರಿಸಿದರು. ಒಂದೂವರೆಯ ಹೊತ್ತಿಗೆ ಇಪ್ಪತ್ತೊಂದು ಎಣಿಸಿದ್ದರು. ಇಪ್ಪತ್ತೆರಡನೆಯದು ಸದ್ದು ಮಾಡಲಿಲ್ಲ. ಅದನ್ನು ತೆರೆದು ಅಂದಿನ ಊಟಕ್ಕೇ ಬಡಿಸಿದರು. ಲಕ್ಷ್ಮಣ ಮೂರು ರೊಟ್ಟಿ ಹೆಚ್ಚಿಗೆ ತಿಂದರು.

ಮೇ ತಿಂಗಳ ಹುಣ್ಣಿಮೆ ಬಂತು. ಬಾಟಲಿಗಳನ್ನು ಒಂದೊಂದಾಗಿ ಹಳೆ ಟವೆಲ್‌ಗಳಲ್ಲಿ ಸುತ್ತಿ ಎರಡು ಚೀಲಗಳಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಹೋದೆವು. ದಾರಿಯುದ್ದಕ್ಕೂ ಅತ್ತೆ ಒಂದು ಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಮಸ್ಕಿಯಲ್ಲಿ ಆಗಲೇ ಊರ ಪಕ್ಕದ ಗುಡ್ಡದ ಕಲ್ಲುಗಳೆಲ್ಲ ಕಾದಿದ್ದವು. ವಂದನೆ ಮುಗಿದು ಶಾಮಿಯಾನದ ಕೆಳಗೆ ಸುಮಾರು ಅರವತ್ತು ಜನ ಪಂಕ್ತಿಗೆ ಕುಳಿತರು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಅನ್ನ, ಪಾಯಸ ಎಲ್ಲ ಬಂದವು. ಅತ್ತೆ ಬಾಟಲಿಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಪ್ರತಿಯೊಂದರ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತುತ್ತ ಹೋದರು. ಹದಿನಾರನೆಯದು ಒತ್ತಿದಾಗ ಟಿಕ್ಕೆಂದು ಕೆಳಗೆ ಹೋಗಿ ಮತ್ತೆ ಮೇಲೆ ಬಂತು. ಅದನ್ನು ಪಕ್ಕಕ್ಕಿಟ್ಟರು.

ರೇಣುಕಮ್ಮ ಅಲ್ಲಿಯೇ ನಿಂತಿದ್ದರು. "ಅದ್ಯಾಕ ತಗದಿ? ಉಳದವಕ್ಕಿಂತ ಛಲೋ ಕಾಣತೈತಲ್ಲ."

"ಹಿಡಿ ಬಿಟ್ಟೈತಿ ವೈನಿ. ಬ್ಯಾಡ."

"ಒಂದು ಬಾಟ್ಲಿ ದಂಡ ಮಾಡಿದಂಗ ಆತು."

"ಆಗ್ಲಿ."

ಉಳಿದ ಇಪ್ಪತ್ತನ್ನು ತೆರೆದು ದೊಡ್ಡ ಪಾತ್ರೆಗೆ ಸುರಿದು, ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಹಾಕಿದರು. ಜನವರಿಯಲ್ಲಿ ಲಾಲ್‌ಸಾಬರ ಮರದ ಕೆಳಗಿದ್ದ ವಾಸನೆ ಮೇ ತಿಂಗಳಿನ ಆ ಬಿಸಿಲಿನಲ್ಲಿ ಎದ್ದಿತು. ಪಂಕ್ತಿಯ ತುದಿಯವರೆಗೂ ತಲೆಗಳು ತಿರುಗಿದವು. ಆದರೆ ಅತ್ತೆ ಬಡಿಸಲಿಲ್ಲ. ಒಂದು ಚಮಚ ತಾವು ತಿಂದು, ಕುರ್ಚಿ ಎಳೆದುಕೊಂಡು ಕುಳಿತರು.

"ಬಸ್ಸಮ್ಮಾ, ಬಡಸ್ತೀಯೋ ಇಲ್ಲೋ?" ಎಂದು ಯಾರೋ ಕೂಗಿದರು.

"ಅರ್ಧ ತಾಸು. ನಾ ತಿಂದೀನಿ, ನಂಗೇನೂ ಆಗಲಿಲ್ಲಂದ್ರ ನಿಮಗ ಹಾಕ್ತೀನಿ. ಸಾಲ್ಯಾಗ ಹಂಗಾ ಇತ್ತು."

"ಅರ್ಧ ತಾಸಿನ್ಯಾಗ ನಿನಗ ಏನರ ಆಗೋದಕ್ಕಿಂತ ಮೊದ್ಲು ನಮಗಾ ಆಗ್ತೈತಿ ಬೇ, ಹಸದು ಸಾಯಾಕತ್ತೀವಿ!"

ನಗು ಎದ್ದಿತು. ಅತ್ತೆಯೂ ನಕ್ಕರು, ಆದರೆ ಏಳಲಿಲ್ಲ. ಜನ ರೊಟ್ಟಿಯನ್ನು ಎಣ್ಣೆಗಾಯಿಯ ಜೊತೆ ನಿಧಾನವಾಗಿ ಮುರಿಯುತ್ತ, ಒಂದು ತುಂಡು ಉಳಿಸಿಕೊಂಡು ಕಾಯ್ದರು. ಅರವತ್ತು ಜನ ಒಂದು ಗೊಜ್ಜಿಗಾಗಿ ಹಾಗೆ ಕಾಯ್ದದ್ದನ್ನು ನಾನು ಬೇರೆ ಕಡೆ ನೋಡಿಲ್ಲ. ಹೊತ್ತಾದ ಮೇಲೆ ಅತ್ತೆ ಎದ್ದು, ಸೌಟು ಹಿಡಿದು, ಮೊದಲು ಅಣ್ಣನ ಮುಂದೆ ನಿಂತರು.

ಹುಸೇನಪ್ಪ ಮಾವ ರೊಟ್ಟಿಯ ತುಂಡಿನಲ್ಲಿ ಗೊಜ್ಜು ಎತ್ತಿ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಎರಡನೆಯ ತುತ್ತು ತಿಂದರು. ಮೂರನೆಯದನ್ನೂ ತಿಂದರು. ಅತ್ತೆ ಸೌಟು ಹಿಡಿದುಕೊಂಡೇ ನಿಂತಿದ್ದರು.

"ಇದು ಅವ್ವಂದಲ್ಲ," ಎಂದರು ಮಾವ.

ರೇಣುಕಮ್ಮ ಬಾಯಿ ತೆರೆದರು. ಮಾವ ಕೈಯೆತ್ತಿ ತಡೆದರು.

"ಅವ್ವ ಜೀರಿಗಿ ಹಾಕ್ತಿರ್ಲಿಲ್ಲ, ಇಷ್ಟು ನುಣ್ಣಗೂ ಆಗ್ತಿರ್ಲಿಲ್ಲ. ಬೀಜ ಹಲ್ಲಿಗೆ ಸಿಗ್ತಿದ್ವು. ಇದು ಬಸ್ಸಮ್ಮನ ಗೊಜ್ಜು. ಮತ್ಯಾರದೂ ಅಲ್ಲ." ಎಲೆಯನ್ನು ಮುಂದಕ್ಕೆ ಸರಿಸಿದರು. "ಇನ್ನೊಂದೀಟು ಹಾಕು."

ಅತ್ತೆ ಹಾಕಿದರು. ಪಕ್ಕದಲ್ಲಿ ಕುಳಿತ ರೇಣುಕಮ್ಮ ಒಂದು ತುತ್ತು ತಿಂದು, ಬೆರಳು ನೆಕ್ಕಿ, ತಮ್ಮ ಎಲೆಯನ್ನೂ ಮುಂದೆ ಸರಿಸಿದರು. ಅವರ ಎಲೆಗೆ ಅತ್ತೆ ಸೌಟು ತುಂಬಿ ಹಾಕಿದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು, ಅರವತ್ತು ಎಲೆಗಳಿಗೂ ಒಂದೇ ಅಳತೆಯಲ್ಲಿ, ಒಂದು ಹನಿ ಚೆಲ್ಲದೆ, ಪಂಕ್ತಿಯ ಕೊನೆಯವರೆಗೆ ಬಡಿಸುತ್ತ ಹೋದರು.